ಹುಲಿ ಚಹಾದ ಮೀಸಲು

ಚರ್ಚಾಸ್ಪರ್ಧೆಯಲ್ಲಿ ಪಳಗಿದವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬಹಳ ಕಷ್ಟ. ಇದು ಬೇರೆಯವರ ಮೇಲಿನ ದೂರಲ್ಲ. ನಮ್ಮ ಮನೆಯಲ್ಲಿ ಅಂಥವಳು ನಾನೇ. ಸಾರಿಗೆ ಉಪ್ಪು ಕಡಿಮೆ ಎಂದರೆ, ಯಾವುದಕ್ಕೆ ಹೋಲಿಸಿದರೆ ಕಡಿಮೆ ಎಂದು ಕೇಳುತ್ತೇನೆ. ಮಳೆ ಬರುವ ಹಾಗಿದೆ ಎಂದರೆ ಆಧಾರ ಕೇಳುತ್ತೇನೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಎಂದು ಎಲ್ಲೆಲ್ಲಿ ವೇದಿಕೆ ಹಾಕಿ ಮೈಕು ಕಟ್ಟಿದ್ದರೋ ಅಲ್ಲೆಲ್ಲ ಹೋಗಿ, ಚೀಟಿ ಎತ್ತಿ, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ಮಾತಾಡಿ ಗೆದ್ದು ಬಂದವಳು ನಾನು. ಗೆದ್ದ ಕಪ್‌ಗಳಲ್ಲಿ ಒಂದರಲ್ಲಿ ಅವ್ವ ಗುಂಡಿ, ಪಿನ್ನು, ಸೂಜಿ ಹಾಕಿಟ್ಟಿದ್ದಾಳೆ. ದೊಡ್ಡ ಫಲಕವೊಂದು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆಂದು ಕೂತಿದೆ. "ನಿನ್ನ ಬಾಯಿಂದ ಮನಿಗೆ ಇಷ್ಟರ ಉಪಯೋಗ ಆತಲ್ಲವಾ" ಎನ್ನುತ್ತಾಳೆ. ಅವಳು ಯಾವ ಸ್ಪರ್ಧೆಗೂ ಹೋದವಳಲ್ಲ. ಹೋಗಿದ್ದರೆ ಭರಣಿಗಳು ಸಾಲುತ್ತಿರಲಿಲ್ಲ.

ಇಂಥ ಮನೆಗೆ, ಅಂದರೆ ಕೊಟ್ಟೂರಿನ ನಮ್ಮ ಓಣಿಯ ಮನೆಗೆ, ಒಂದು ದಿನ ಹುಲಿ ಬಂತು. ಚಹಾಪುಡಿಯ ಪ್ಯಾಕೆಟ್ಟಿನ ಮೇಲೆ ಕೂತು ಬಂತು. ನಮ್ಮ ಓಣಿಯ ಕಿರಾಣಿ ಅಂಗಡಿ ಖಾಜಾಸಾಬರದು. ಯಾವ ಹೊಸ ಸರಕು ಬಂದರೂ ಮೊದಲು ಅವ್ವನಿಗೆ ತೋರಿಸುತ್ತಾರೆ, ಏಕೆಂದರೆ ಅವ್ವ ಕೊಂಡದ್ದನ್ನು ಓಣಿಯ ಹೆಂಗಸರ ಸಂಘವೆಲ್ಲ ಕೊಳ್ಳುತ್ತದೆ; ಇದು ಅವರ ವ್ಯಾಪಾರದ ಗುಟ್ಟು. ಪ್ಯಾಕೆಟ್ಟಿನ ಹುಲಿ ಮರದ ಕೆಳಗೆ ಕೂತು ಮದುವೆ ಫೋಟೋದ ಬೀಗರ ಹಾಗೆ ನಗುತ್ತಿತ್ತು. ಅವ್ವ ಅದನ್ನು ನನ್ನ ಕೈಗೆ ಕೊಟ್ಟು, ಹಿಂದೆ ಏನು ಬರೆದಿದೆ ಓದು ಎಂದಳು. ನಾನು ಓದಿದೆ: 'ನಿಮ್ಮ ಪ್ರತಿ ಖರೀದಿಯ ಒಂದು ಪಾಲು ರಾಷ್ಟ್ರೀಯ ಉದ್ಯಾನವನಗಳ ಸಂರಕ್ಷಣೆಗೆ.'

"ಅಂದ್ರ? ಅಡವಿಗೆ ಮೀಸಲಾ?" ಎಂದಳು ಅವ್ವ.

"ಹೂಂ, ಮೀಸಲು" ಎಂದು ನಕ್ಕುಬಿಟ್ಟೆ. ಆ ನಗೆಯೇ ತಪ್ಪಾಯಿತು.

ಅವ್ವನ ತವರು ತಂಬ್ರಹಳ್ಳಿ ಕಡೆಯ ಕುರಿ ಸಾಕುವ ಮನೆತನ. ಅಲ್ಲಿ ಮೀಸಲು ಎಂದರೆ ತಮಾಷೆಯಲ್ಲ. ಹಿಂಡಿನಲ್ಲಿ ಒಂದು ಮರಿಯನ್ನು ದೇವರಿಗೆಂದು ಬಿಟ್ಟರೆ ಮುಗಿಯಿತು. ಅದನ್ನು ಮಾರುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ, ಬೈಯುವ ಹಾಗೂ ಇಲ್ಲ. ಅದು ಹಿತ್ತಲ ಮೆಂತ್ಯವನ್ನೆಲ್ಲ ಮೇಯ್ದರೆ "ತಿನ್ನಪ್ಪಾ, ನಿಂದ ಐತಿ" ಎಂದು ಪಕ್ಕಕ್ಕೆ ಸರಿದು ನಿಲ್ಲಬೇಕು. ಕೊನೆಗೆ ಅದನ್ನು ದೇವರ ಗುಡಿಗೆ ಮನೆಯವರೇ ಹೋಗಿ ಕೈಯಾರೆ ಮುಟ್ಟಿಸಬೇಕು. ಕಂಡವರ ಕೈಲಿ ಕಳಿಸಿದರೆ ಸಲ್ಲುವುದಿಲ್ಲ.

ಮರುದಿನದಿಂದ ಈ ಕಾನೂನೆಲ್ಲ ಚಹಾಕ್ಕೆ ಬಂತು. ಸ್ನಾನ ಮಾಡದೆ ಆ ಡಬ್ಬಿ ಮುಟ್ಟುವ ಹಾಗಿಲ್ಲ. ಚಹಾ ಕುಡಿಯುತ್ತ ಸುಳ್ಳು ಹೇಳುವ ಹಾಗಿಲ್ಲ, ಇದರಿಂದ ನಮ್ಮ ಮನೆಯ ಬೆಳಗಿನ ಮಾತುಕತೆ ಅರ್ಧಕ್ಕರ್ಧ ಕಡಿಮೆಯಾಯಿತು. ಎಲ್ಲಕ್ಕಿಂತ ದೊಡ್ಡ ಕಷ್ಟ ನನಗೆ ಬಂದದ್ದು ಕಪ್ಪಿನ ತಳದಲ್ಲಿ. ಕೊನೆಯ ಗುಟುಕನ್ನು ಬಿಟ್ಟು ಏಳುವುದು ನನ್ನ ಬಾಲ್ಯದ ಅಭ್ಯಾಸ. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ; ಬೆಳಗಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಆ ಗುಟುಕಿಗೆಲ್ಲ ಪುರುಸೊತ್ತಿರುವುದಿಲ್ಲ. ಅವ್ವ ಬಾಗಿಲಿಗೆ ಅಡ್ಡ ನಿಲ್ಲತೊಡಗಿದಳು. "ಮೀಸಲ ಚಾ ಐತಿ. ಎಂಜಲ ಮಾಡಿ ಬಿಟ್ಟ ಹೋಗಬ್ಯಾಡ. ಕುಡದ ಹೋಗು." ಪ್ರಜಾಪ್ರಭುತ್ವದಲ್ಲಿ ನಂಬಿಕೆಯಿಟ್ಟ ಇಪ್ಪತ್ತಾರರ ಹೆಣ್ಣುಮಗಳು ನಾನು, ಬಾಗಿಲ ಬಳಿ ನಿಂತು ತಣ್ಣಗಾದ ಚರಟ ನುಂಗಿ ಬಸ್ಸಿಗೆ ಓಡುತ್ತಿದ್ದೆ.

ಸುಮ್ಮನಿರುವ ಜಾತಿ ನನ್ನದಲ್ಲ. ಮೊದಲು ಅಂಗಡಿಗೆ ಹೋದೆ. "ಒಂದು ಪಾಲು ಅಂತ ಬರೆದಾರ ಸಾಬ್ರೇ. ಒಂದು ಪಾಲು ಅಂದ್ರ ಎಷ್ಟು? ಯಾವ ಉದ್ಯಾನವನಕ್ಕ? ಮುಟ್ಟಿತು ಅಂತ ಯಾರು ಹೇಳಬೇಕು?"

ಖಾಜಾಸಾಬರು ಬೆಲ್ಲದ ಮೇಲಿನ ನೊಣ ಓಡಿಸುತ್ತ, "ನೋಡ್ರಿ ಮೇಡಂ, ನಾನು ಅಂಗಡಿಯಾಂವ ಅದೀನಿ, ಹುಲಿ ಅಲ್ಲ. ಹುಲಿನ್ನ ಕೇಳ್ರಿ" ಎಂದರು. ಆಮೇಲೆ ದನಿ ತಗ್ಗಿಸಿ, "ಅವ್ವಾರ ಮುಂದ ಇಷ್ಟ ಜೋರ ಕೇಳಬ್ಯಾಡ್ರಿ. ಓಣಿ ಮಂದಿಗೆಲ್ಲ ಮಾತ ಕೊಟ್ಟಾರ ಅವರು" ಎಂದರು.

ಮಾತು ಕೊಟ್ಟದ್ದು ನಿಜ. ಸಂಘದ ಸಭೆಯಲ್ಲಿ ಎದ್ದು ನಿಂತು, ನಾವು ಇಲ್ಲಿ ಚಹಾ ಕುಡಿದರೆ ಅಲ್ಲಿ ಕಾಡು ಉಳಿಯುತ್ತದೆ, ಇದು ನನ್ನ ಮಾತು ಎಂದು ಅವ್ವ ಹೇಳಿಬಂದಿದ್ದಳು. ಓಣಿಯ ಎಲ್ಲ ಮನೆಗಳಲ್ಲೂ ಹುಲಿ ಕೂತಿತ್ತು. ಎದುರುಮನೆಯ ಗೌರಕ್ಕ ಒಬ್ಬಳೇ ಕೊಂಕು ತೆಗೆಯುತ್ತಿದ್ದಳು. ಅವಳು ಅವ್ವನ ಆಪ್ತ ಗೆಳತಿ, ಆದ್ದರಿಂದ ಅವ್ವನ ಸೋಲನ್ನು ಎಲ್ಲರಿಗಿಂತ ಹತ್ತಿರದಿಂದ ನೋಡುವ ಹಕ್ಕು ಅವಳಿಗಿತ್ತು. "ಆ ಚಾ ಕುಡದು ಕುಡದು ನನ್ನ ಗಂಡ ಇನ್ನೂ ಹುಲಿ ಆಗಿಲ್ಲಬೇ" ಎಂದು ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದಳು.

ಒಂದು ಭಾನುವಾರ ಗೌರಕ್ಕನ ಎದುರಿಗೇ ನಾನು ನನ್ನ ಬತ್ತಳಿಕೆಯ ಕೊನೆಯ ಬಾಣ ಬಿಟ್ಟೆ. ಲೆಕ್ಕದ ವಾದ, ಜಾಹೀರಾತಿನ ವಾದ ಯಾವುದೂ ಅವ್ವನಿಗೆ ನಾಟಿರಲಿಲ್ಲ. ಎದುರಾಳಿಯನ್ನು ಅವರದೇ ನಂಬಿಕೆಯಿಂದ ಹೊಡೆಯಬೇಕೆಂದು ನಮ್ಮ ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಡುತ್ತೇನೆ. "ಯವ್ವಾ, ಮೀಸಲು ಕೈಯಾರೆ ಮುಟ್ಟಿಸಬೇಕು ಅಂತಿ. ಕಂಡೋರ ಕೈಲಿ ಕಳಿಸಿದ್ರ ಸಲ್ಲಂಗಿಲ್ಲ ಅಂತಿ. ಹಂಗಾರ ಈ ಚಾ ಕಂಪನಿಯೋರು ನಮಗೇನಾಗಬೇಕು? ನಿನ್ನ ಮೀಸಲ ಅವರ ಕೈಯಾಗ ಕೊಟ್ಟು ಕುಂತಿಯಲ್ಲ, ಸಲ್ಲತೈತೇನು?"

ಗೌರಕ್ಕ "ಅಬ್ಬಬ್ಬಾ" ಎಂದಳು. ನಾನು ಚಪ್ಪಾಳೆಗೆಂದು ಕಾಯುವವಳ ಹಾಗೆ ನಿಂತೆ. ಅವ್ವ ಚಹಾ ಸೋಸುವ ಜಾಲರಿಯನ್ನು ತೊಳೆದಳು, ತೊಳೆದದ್ದನ್ನೇ ಮತ್ತೊಮ್ಮೆ ತೊಳೆದಳು. ಗೆದ್ದಾಗ ಎದುರಿನವರ ಮುಖ ಹೇಗಿರುತ್ತದೆಂದು ವೇದಿಕೆಯ ಮೇಲೆ ನಾನು ಯಾವತ್ತೂ ನೋಡಿರಲಿಲ್ಲ; ಅಲ್ಲಿ ಕಣ್ಣೆಲ್ಲ ತೀರ್ಪುಗಾರರ ಮೇಲಿರುತ್ತದೆ.

ಸ್ವಲ್ಪ ಹೊತ್ತಿಗೆ ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಖರೆ ಐತಿ. ಹಂಗಾರ ಹೋಗೇ ಬಿಡೋಣು. ಮುಟ್ಟೈತೋ ಇಲ್ಲೋ ಕೇಳೇ ಬಿಡೋಣು. ಗೌರಿ, ನೀನೂ ಬಾ. ಮುಟ್ಟಿಲ್ಲ ಅಂದ್ರ ಓಣ್ಯಾಗ ನೀನ ಸಾರು. ನಾನು ಸಂಘದಾಗ ಮತ್ತ ಬಾಯಿ ತೆಗಿಯಂಗಿಲ್ಲ."

ಎಲ್ಲಿಗೆ ಹೋಗುವುದು? ಹುಲಿ ಇರುವ ಕಾಡು ನಮಗೆ ದೂರ. ಕೂಡ್ಲಿಗಿಯ ಆಚೆ ಕರಡಿ ಧಾಮ ಇದೆಯಲ್ಲ ಎಂದಳು ಅವ್ವ. ಧಾಮ ಬೇರೆ, ರಾಷ್ಟ್ರೀಯ ಉದ್ಯಾನವನ ಬೇರೆ, ಕಾನೂನಿನ ಪ್ರಕಾರ ಎರಡಕ್ಕೂ ವ್ಯತ್ಯಾಸವಿದೆ ಎಂದು ನಾನು ವಿವರಿಸಿದೆ. "ಎಲ್ಲಾ ಒಂದ ಅಡವಿ. ಅಣ್ಣನ ಮನಿ ದೂರ ಆದ್ರ ತಮ್ಮನ ಮನ್ಯಾಗ ಕೇಳೋದು" ಎಂದು ಅವಳು ಕರಡಿಯನ್ನು ಹುಲಿಗೆ ತಮ್ಮನಾಗಿ ಮಾಡಿಬಿಟ್ಟಳು. ಖಾಜಾಸಾಬರು ಬಸ್‌ಸ್ಟ್ಯಾಂಡಿನವರೆಗೆ ಬಂದು ಬೀಳ್ಕೊಟ್ಟರು. "ಹೋಗಿ ಬರ್ರಿ ಅಕ್ಕಾರ. ಏನಾರ ಆಗ್ಲಿ, ಕರಡಿ ಮುಂದ ನನ್ನ ಹೆಸರ ಮಾತ್ರ ಹೇಳಬ್ಯಾಡ್ರಿ" ಎಂದರು. ನಗುತ್ತಲೇ ಅಂದರು, ಆದರೆ ಅಂಗಡಿಯ ಅಟ್ಟದ ತುಂಬ ಹುಲಿ ಪೇರಿಸಿಟ್ಟ ಮನುಷ್ಯನ ನಗೆ ಅದು.

ಬಸ್ಸಿನಲ್ಲಿ ಅವ್ವನ ಮಡಿಲಲ್ಲಿ ಫ್ಲಾಸ್ಕಿತ್ತು. ಬೆಳಿಗ್ಗೆ ತಲೆಸ್ನಾನ ಮಾಡಿ ಹುಲಿ ಚಹಾ ಕಾಸಿ ತುಂಬಿಕೊಂಡಿದ್ದಳು. ಕೂಡ್ಲಿಗಿಯಲ್ಲಿ ಬಸ್ಸು ಬದಲಿಸುವಾಗಲೂ ಅದನ್ನು ಗೌರಕ್ಕನ ಕೈಗೆ ಕೊಡಲಿಲ್ಲ. "ನಾಕ ಗುಟುಕ ಕೊಡಬೇ, ಬಿಸಿಲಾಗ ತಲಿ ನೋಯಾಕ ಹತ್ತೈತಿ" ಎಂದು ಗೌರಕ್ಕ ಅಂಗಲಾಚಿದರೂ ಮುಚ್ಚಳ ತೆರೆಯಲಿಲ್ಲ.

ಕರಡಿ ಧಾಮದ ಬಾಗಿಲಲ್ಲಿ ಒಂದು ಟಿಕೆಟ್ ಕಿಟಕಿ, ಪಕ್ಕದಲ್ಲಿ ಸುತ್ತಲ ಹಳ್ಳಿಯ ಹೆಂಗಸರು ಟೋಪಿ, ಚೀಲ, ಜೇನಿನ ಬಾಟಲಿ ಹರಡಿದ್ದ ಒಂದು ಮೇಜು, ಅದರ ಪಕ್ಕ ಖಾಕಿ ಅಂಗಿಯ ಅರಣ್ಯ ಕಾವಲುಗಾರ. ಟಿಕೆಟ್ ಕೊಂಡೆವು. ಅವ್ವ ನೇರವಾಗಿ ಆ ಕಾವಲುಗಾರನ ಬಳಿ ಹೋದಳು.

"ಯಪ್ಪಾ, ನಾವು ಕೊಟ್ಟೂರೋರು. ಹುಲಿ ಚಾ ಕುಡೀತೀವಿ. ಅದರ ಪಾಲು ಅಡವಿಗೆ ಐತಂತ. ನಿಮಗ ಮುಟ್ಟೈತೇನು?"

ಆತ ಅವ್ವನನ್ನೂ, ಫ್ಲಾಸ್ಕನ್ನೂ, ನನ್ನನ್ನೂ ನೋಡಿದ. "ಯಾವ ಚಾ ಯವ್ವಾ? ಇಲ್ಲಿ ಚಾನ ಸಿಗಂಗಿಲ್ಲ. ಚಾ ಕುಡೀಬೇಕಂದ್ರ ನಾವು ರೋಡಿಗೆ ಹೋಗಬೇಕು."

ಗೌರಕ್ಕ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ನನ್ನ ವಾದ ಸಾಕ್ಷಿ ಸಮೇತ ಗೆದ್ದಿತ್ತು. ಅವ್ವ ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡು ಗುಡ್ಡದ ಕಡೆ ಮುಖ ಮಾಡಿದಳು. ನಾಳೆ ಓಣಿಯಲ್ಲಿ ಗೌರಕ್ಕ ಸಾರುವುದು, ಸಂಘದಲ್ಲಿ ಅವ್ವ ಹಿಂದಿನ ಚಾಪೆಯ ಮೇಲೆ ಬಾಯಿಮುಚ್ಚಿ ಕೂರುವುದು, ಎರಡೂ ನನ್ನ ಕಣ್ಣ ಮುಂದೆ ಬಂದವು. ಮಾತಾಡದ ಅವ್ವನನ್ನು ಮನೆಯಲ್ಲಿಟ್ಟುಕೊಂಡು ನಾನು ಯಾರ ಜೊತೆ ವಾದ ಮಾಡಬೇಕು?

ಪುಣ್ಯಕ್ಕೆ ಎರಡೂ ಕಡೆ ಮಾತಾಡಿ ಅಭ್ಯಾಸವಿತ್ತು. ಚೀಟಿ ಮಡಿಚಿ ಜೇಬಿಗೆ ಹಾಕಿಕೊಂಡವಳ ಹಾಗೆ ಕಡೆ ಬದಲಿಸಿದೆ. "ಗೌರಕ್ಕಾ, ತಡಿ. ಕಂಪನಿ ಕೊಟ್ಟೈತೋ ಇಲ್ಲೋ ಇವರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದು ಬಿಡು. ಈಗ ಟಿಕೆಟ್ ತಗಂಡ್ವಿ, ಅದು ಎಲ್ಲಿಗೆ ಹೋತು? ಈ ಅಡವಿಗೆ. ಇಲ್ಲೊಂದು ಟೋಪಿ ತಗಂಡ್ರ ಯಾರಿಗೆ ಹೋತು? ಈ ಅಡವಿ ಅಂಚಿನಾಗ ಬಾಳೇವು ಮಾಡೋರಿಗೆ. ಆ ಚಾ ಇಲ್ಲದಿದ್ರ ನಾವು ಮೂರು ಮಂದಿ ಜಲ್ಮದಾಗ ಈ ಕಡೆ ಬರ್ತಿದ್ವೇನು? ಅವ್ವ ಮೀಸಲ ತೆಗದ್ಲು, ಕೈಯಾರೆ ತಂದು ಮುಟ್ಟಿಸಿದ್ಲು. ಇನ್ನೇನ ಬೇಕು ನಿನಗ?"

ಹೇಳಹೇಳುತ್ತ ನನಗೇ ಗೊತ್ತಾಯಿತು, ಇದರಲ್ಲಿ ಸುಳ್ಳು ಒಂದೂ ಇಲ್ಲವೆಂದು. ಚರ್ಚಾಸ್ಪರ್ಧೆಯಲ್ಲಿ ಹೀಗಾಗುವುದು ಅಪರೂಪ.

ಗೌರಕ್ಕ ಸೆರಗು ಸರಿಮಾಡಿಕೊಂಡಳು. "ಏನರ ಅನ್ನು, ಹುಡುಗಿ ಬಾಯಿ ನಿಂದಬೇ" ಎಂದಳು ಅವ್ವನಿಗೆ. ಅವ್ವ ಆಗಲೇ ಫ್ಲಾಸ್ಕಿನ ಮುಚ್ಚಳ ತಿರುವುತ್ತಿದ್ದಳು. ಮೊದಲ ಕಪ್ಪು ಕಾವಲುಗಾರನಿಗೆ ಕೊಟ್ಟು, "ತಗೋಪ್ಪಾ, ಅಡವಿ ಕಾಯಾಂವ ಅದೀ. ನಿಂದ ಪಾಲು. ತಳದಾಗ ಬಿಡಬ್ಯಾಡ" ಎಂದಳು. ಆತ ನಿಂತಲ್ಲೇ ಅಷ್ಟನ್ನೂ ಕುಡಿದು, "ಚಲೋ ಐತ್ರಿ ಯವ್ವಾ, ಸಕ್ಕರಿ ಒಂದೀಟು ಜಾಸ್ತಿ ಆಗೇತಿ" ಎಂದ.

ಸಂಜೆ ಆತನೇ ಕರೆದುಕೊಂಡು ಹೋಗಿ ದೂರದ ಬಂಡೆ ತೋರಿಸಿದ. ಅಲ್ಲೊಂದು ಕಪ್ಪಗಿನದು ಕಾಣಿಸಿತು. ಗೌರಕ್ಕ ಅದು ಕಲ್ಲು ಎಂದಳು. ನಾನು ಕರಡಿ ಎಂದೆ. ಅಲುಗಾಡಲಿಲ್ಲವಲ್ಲ ಎಂದಳು. ಮಲಗಿದೆ ಎಂದೆ. ಆಧಾರವೇನೆಂದು ಅವಳು ಕೇಳಿದಾಗ, ಕೆಲವನ್ನು ನಂಬಬೇಕು ಗೌರಕ್ಕಾ ಎಂದು ನನ್ನ ಬಾಯಿಯೇ ಹೇಳಿತು. ಅವ್ವ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ಹೊರಡುವಾಗ ಮೂವರೂ ಟೋಪಿ ಕೊಂಡೆವು. ಅದರ ಮೇಲಿನ ಕರಡಿ ಎಮ್ಮೆಗರುವಿನ ಹಾಗಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸುಖವಾಗಿರುತ್ತಿದ್ದೆ. ಮುಂದಿನ ವಾರ ಅವ್ವ ಹುಲಿ ಚಹಾದ ಪ್ಯಾಕೆಟ್ಟನ್ನು ಖಾಜಾಸಾಬರ ಗಲ್ಲೆಯ ಮೇಲೆ ವಾಪಸ್ ಇಟ್ಟಳಂತೆ. "ಒಂದು ಪಾಲು ಅಂದ್ರ ಎಷ್ಟು ಅಂತ ಬರಸ್ಕೊಂಡು ಬರ್ರಿ, ಆಮ್ಯಾಲ ನೋಡೋಣು. ಮೀಸಲ ನಾವ ವರ್ಷಕ್ಕೊಮ್ಮಿ ಹೋಗಿ ಮುಟ್ಟಸ್ತೀವಿ" ಎಂದಳಂತೆ. ಅಡವಿಗೆ ಹೋಗಿ ಕೇಳಿ ಬಂದವಳ ಮಾತಿಗೆ ಸಂಘದಲ್ಲಿ ಈಗ ಮೊದಲಿಗಿಂತ ತೂಕ ಹೆಚ್ಚು. ಓಣಿಯೆಲ್ಲ ಬಿಡಿ ಚಹಾಪುಡಿಗೆ ಮರಳಿತು. "ನೀವ ಚಲೋ ಇದ್ರಿ ಮೇಡಂ, ಬರೇ ಕೇಳತಿದ್ರಿ" ಎಂದು ಖಾಜಾಸಾಬರು ನನ್ನ ಬಳಿ ಅಲವತ್ತುಕೊಂಡರು. ಅಟ್ಟದ ಮೇಲಿನ ಹುಲಿಗಳು ನನ್ನನ್ನೇ ನೋಡಿ ನಗುತ್ತಿದ್ದವು. ಒಂದು ಪ್ಯಾಕೆಟ್ ಕೊಂಡೆ. ಮನೆಗೆ ಒಯ್ಯುವ ಧೈರ್ಯವಾಗದೆ ಕಾಲೇಜಿನ ಸ್ಟಾಫ್ ರೂಮಿನಲ್ಲಿಟ್ಟೆ.

ಮೊನ್ನೆ ಸಹೋದ್ಯೋಗಿಯೊಬ್ಬರು ಪ್ಯಾಕೆಟ್ಟಿನ ಹಿಂಬದಿ ಓದಿ, "ಇದೆಲ್ಲ ಖರೇನೇ ಕಾಡಿಗೆ ಹೋಗ್ತದೇನ್ರಿ? ಏನು ಆಧಾರ?" ಎಂದು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ, ನನ್ನದೇ ಪ್ರಶ್ನೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ಅವರು ಕ್ಲಾಸಿಗೆ ಹೋದರು. ನಾನೂ ಎದ್ದೆ. ಕಪ್ಪಿನ ತಳದಲ್ಲಿ ಒಂದು ಗುಟುಕು ಉಳಿದಿತ್ತು, ತಣ್ಣಗಾಗಿ, ಚರಟದೊಂದಿಗೆ. ಸುತ್ತ ನೋಡಿದೆ. ಬಾಗಿಲಲ್ಲಿ ಅಡ್ಡ ನಿಂತವರು ಯಾರೂ ಇರಲಿಲ್ಲ.

ಕುಡಿದು ಹೋದೆ.