ಕುಸುಬಿ ಎಣ್ಣೆ ಉಂಡ ಗ್ಲೌಸು

ನಮ್ಮ ಯಜಮಾನರ ಸೋದರತ್ತೆಗೆ ಸಾಫ್ಟ್‌ಬಾಲ್ ಬಗ್ಗೆ ತಿಳಿಯದ್ದು ಒಂದೇ ಒಂದು: ಅದನ್ನು ಆಡುವುದು ಹೇಗೆ ಎಂಬುದು. ಉಳಿದದ್ದೆಲ್ಲ ಗೊತ್ತು. ಅಂಪೈರನ ಹೆಂಡತಿಯ ತವರು ಘಾಟಬೋರಾಳ ಎಂಬುದು ಗೊತ್ತು. ಎದುರು ತಂಡದ ಯಾವ ಹುಡುಗಿ ನಾಷ್ಟಾ ಮಾಡದೆ ಬಂದಿದ್ದಾಳೆ ಎಂಬುದೂ ಗೊತ್ತು.

ಆ ದಿನ ಬೆಳಿಗ್ಗೆ ನಾನು ಎಂದಿನಂತೆ ಒಂದು ಕಣ್ಣು ಹಾಲಿನ ಮೇಲಿಟ್ಟು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಮಜ್ಜಿಗೆಯ ಕ್ಯಾನಿಗೆ ಉಪ್ಪು ಹಾಕುತ್ತಿದ್ದರು. ಹುಮನಾಬಾದಿನಲ್ಲಿ ಮಹಿಳಾ ಕಾಲೇಜುಗಳ ಫೈನಲ್. ಬಸವಕಲ್ಯಾಣದ ತಂಡದಲ್ಲಿ ನಮ್ಮ ಭಾವನ ಮಗಳು. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವರು ಅತ್ತೆಯೇ. ಭಾವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಗೆದ್ದು ಯೂನಿವರ್ಸಿಟಿ ತಂಡ ಸೇರಿದರೆ ಓದಲಿ, ಇಲ್ಲದಿದ್ದರೆ ಭಾನುವಾರ ಹುಲಸೂರಿನವರು ಹೆಣ್ಣು ನೋಡಲು ಬರುತ್ತಾರೆ, ಬೇಡ ಎನ್ನುವಂತಿಲ್ಲ.

"ಈ ಸಲ ಚೆಂಡು ಕೈ ಬಿಟ್ಟು ಹೋಗೂದಿಲ್ಲ," ಎಂದರು ಅತ್ತೆ. "ಗ್ಲೌಸಿಗೆ ಕುಸುಬಿ ಎಣ್ಣಿ ಉಣಿಸೇನಿ. ನಿನ್ನೆಯೆಲ್ಲಾ ಅದನ್ನೇ ತಿಕ್ಕೀನಿ. ನನ್ನ ಚಪ್ಪಲಿ ನೋಡು, ಎಣ್ಣಿ ಮ್ಯಾಲೇ ಇನ್ನೂ ಬದುಕ್ಯಾವ."

"ಚಪ್ಪಲಿಲೆ ಯಾರೂ ಚೆಂಡು ಹಿಡಿಯೂದಿಲ್ಲಲ್ರಿ ಅತ್ತಿ."

"ನೀ ಕಾನ್ವೆಂಟಿನಾಕಿ. ಚರ್ಮದ ಹಸಿವು ನಿನಗೇನು ಗೊತ್ತು?"

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರುಗಳು ಕಲಿಸಿದ್ದು ಸದ್ದು ಮಾಡದೆ ಆಡುವುದನ್ನು ಮಾತ್ರ. ಗ್ಲೌಸು ಪಾಕದಿಂದ ತೆಗೆದ ಜಿಲೇಬಿಯಂತೆ ಹೊಳೆಯುತ್ತಿತ್ತು. ಹುಡುಗಿ ಅದನ್ನು ತಿರುಗಿಸಿ ನೋಡಿ, "ಬಾಳ ಚೊಲೊ ಆಗ್ಯದ ಆಯಿ," ಎಂದಳು. ಅದನ್ನು ಹಿಡಿದುಕೊಂಡೇ ಹಿತ್ತಲಿಗೆ ಹೋಗಿ, ಸ್ವಲ್ಪ ಹೊತ್ತಿಗೆ ಮರಳಿ ಬಂದು ಚೀಲಕ್ಕೆ ಹಾಕಿಕೊಂಡಳು.

ಅತ್ತೆಯ ಪ್ರತಾಪ ಹುಮನಾಬಾದಿಗೆ ಹೊಸದಲ್ಲ. ಸೆಮಿಫೈನಲ್ಲಿನಲ್ಲಿ ಕೊಡೆ ಬಿಚ್ಚಿಕೊಂಡು ಮೈದಾನದೊಳಗೇ ನಡೆದು, ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ ಹುಡುಗಿಗೆ ನೆರಳು ಹಿಡಿದಿದ್ದರು. ಅವಳೋ, ಎದುರು ತಂಡದವಳು! ಅಂಪೈರ್ ಬಂದು ಕೈಮುಗಿದ.

"ಆಯಿ, ಆಟ ನಡದದ."

"ನಡೀಲಿ. ನಾ ಬ್ಯಾಡ ಅಂದೆನೇನು?"

ಕೊನೆಗೆ ಅವನಿಗೂ ಅರ್ಧ ಕೊಡೆ ಸಿಕ್ಕಿತು.

ಫೈನಲ್ ದಿನ ಮಾತ್ರ ಅತ್ತೆಯನ್ನು ಹಗ್ಗದ ಆಚೆಗೇ ಕೂರಿಸಿದರು. ಕೊನೆಯ ಸರದಿಯ ಹೊತ್ತಿಗೆ ನಮ್ಮವರು ಒಂದು ರನ್ ಮುಂದಿದ್ದರು. ಗೆಳತಿಯೊಬ್ಬಳು ತನ್ನ ಗ್ಲೌಸನ್ನು ನಮ್ಮ ಹುಡುಗಿಗೆ ಚಾಚಿದಳು. ಹುಡುಗಿ ಹಗ್ಗದ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಯಾಕೆಂದು ನನಗೆ ಆಗ ತಿಳಿಯಲಿಲ್ಲ. ಎದುರಾಳಿಯೊಬ್ಬಳು ಹೊಡೆದ ಚೆಂಡು ಎತ್ತರಕ್ಕೆ ಹೋಗಿ ನೇರ ಅವಳ ಕೈಗೇ ಇಳಿಯಿತು. ಇಳಿದದ್ದು ಒದ್ದೆ ಸಾಬೂನಿನಂತೆ ಜಾರಿ ಬಿತ್ತು. ಅಷ್ಟರಲ್ಲಿ ಅವರ ಇಬ್ಬರು ಓಡಿ ಎರಡು ರನ್ ಮುಗಿಸಿದರು. ಸೋತೆವು.

"ಬಿಸಿಲು ಕಣ್ಣಿಗೆ ಹೊಡೀತು ಆಯಿ," ಎಂದಳು ಹುಡುಗಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. ಸೂರ್ಯ ಅವಳ ಬೆನ್ನಿಗಿದ್ದ. ಪ್ಯಾಂಟಿನ ಮೇಲೆ ಹಳದಿ ಕಲೆ ಹರಡಿತ್ತು.

"ನೆರಳಿಗೆ ಕೊಡಿ ಹಿಡೀಲಿಕ್ಕೆ ಬಿಡಲಿಲ್ಲಲ್ಲ ಈ ಮಂದಿ!" ಅತ್ತೆ ಗೊಣಗಿದರು.

ಮರಳುವ ಬಸ್ಸಿನಲ್ಲಿ ಭಾವನ ಫೋನು ಬಂತು. ಹುಲಸೂರಿನವರಿಗೆ ಬರಲು ಹೇಳಿದ್ದಾಯಿತಂತೆ. ಹುಡುಗಿ "ಹ್ಞೂಂ" ಎಂದಳು, ಅಷ್ಟೇ. ಅತ್ತೆ ಕ್ಯಾನಿನ ಮುಚ್ಚಳವನ್ನು ತೆಗೆಯುತ್ತ, ಹಾಕುತ್ತ ಕೂತಿದ್ದರು.

ಸಂಜೆ ನಾನು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಒಳಗೆ ಅತ್ತೆ ಗ್ಲೌಸನ್ನು ತೊಡೆಯ ಮೇಲಿಟ್ಟುಕೊಂಡು, "ಮುಂದಿನ ವರ್ಷಕ್ಕ ಬೇಕಾಗ್ತದ," ಎಂದು ಮತ್ತೆ ಎಣ್ಣೆ ತಿಕ್ಕುತ್ತಿದ್ದರು. ಹುಡುಗಿ ಪಕ್ಕದಲ್ಲಿ ಕೂತು ಎಣ್ಣೆಯ ಬಟ್ಟಲು ಹಿಡಿದಿದ್ದಳು.

ಗೋಡೆಯಾಚೆಯಿಂದ ಪಕ್ಕದ ಮನೆಯ ಖಾಲಾ ಕೂಗಿದರು. "ಬೇಟಿ, ಮುಂಜಾನೆ ನಿಮ್ಮ ಹುಡುಗಿ ಬಂದಿದ್ಲು ನೋಡು. ಗ್ಲೌಸಿನ ಎಣ್ಣಿ ತೆಗೀಲಿಕ್ಕೆ ಕಡ್ಲಿಹಿಟ್ಟು ಬೇಕಂದ್ಲು. ಕೊಟ್ಟೆ. ಬಾಗಲಾ ದಾಟಲಿಲ್ಲ, ಹೊಳ್ಳಿ ಬಂದು ಕೊಟ್ಟು ಹೋದ್ಲು. 'ಬ್ಯಾಡ ಖಾಲಾ, ಆಯಿ ನಿನ್ನೆಯೆಲ್ಲಾ ತಿಕ್ಯಾಳ, ತೆಗದದ್ದು ಕಂಡ್ರ ಮನಸ್ಸಿಗೆ ಹಚ್ಕೋತಾಳ' ಅಂದ್ಲು."

ಖಾಲಾ ತಂತಿಯಿಂದ ದುಪಟ್ಟಾ ಎಳೆದು ಹೆಗಲಿಗೆ ಹಾಕಿಕೊಂಡರು.

"ಹಾಂ, ಮ್ಯಾಚ್ ಏನಾತು? ಗೆದ್ರೇನು?"