ಗದ್ದಕ್ಕೊಂದು ಬಾಗಿಲು

ನಮ್ಮ ಕಡೆಯ ರಸ್ತೆಗಳಲ್ಲಿ ಯಾರೂ ಬೀಳದ ದಿನವಿಲ್ಲ, ಬಿದ್ದವರು ನಗೆಪಾಟಲಿಗೀಡಾಗದ ದಿನವೂ ಇಲ್ಲ. ರಾಮನಗರದಿಂದ ಮಾಗಡಿಗೆ ಹೋಗಿ, ಚನ್ನಪಟ್ಟಣದಿಂದ ಕನಕಪುರಕ್ಕೆ ಬನ್ನಿ, ಯಾವ ಬೈಕಿನವನನ್ನು ನಿಲ್ಲಿಸಿ ಕೇಳಿದರೂ ಅಂಗಿಯ ತೋಳು ಮಡಚಿ ಒಂದು ಗಾಯದ ಕಲೆ ತೋರಿಸುತ್ತಾನೆ, ಅದರ ಕಥೆ ಹೇಳುತ್ತಾನೆ. ನಗುತ್ತಲೇ ಹೇಳುತ್ತಾನೆ. ನನಗೆ ಆ ನಗು ಕಂಡರೆ ಸಿಟ್ಟು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಕಚೇರಿಗಳ ಮುಂದೆ ಕೂತು ಕೂಗುತ್ತಾ ಮಿಕ್ಕಿದ್ದನ್ನು ಕಲಿತವನು. ಸಿಟ್ಟಿಲ್ಲದೆ ಬರೆಯಲು ಬರುವುದಿಲ್ಲ. ಆದರೂ ನನ್ನ ಹೆಂಡತಿಯ ತಮ್ಮನಿಗೆ ಒಂದು ಹೆಲ್ಮೆಟ್ಟು ಆರಿಸಲು ಹೋಗಿ ಏನೇನಾಯಿತು ಅಂತ ಹೇಳಿದರೆ ನೀವು ನಗುತ್ತೀರಿ. ನಗಿ. ಆಮೇಲೆ ನಿಮ್ಮ ಗದ್ದ ಒಂದು ಸಲ ಮುಟ್ಟಿ ನೋಡಿಕೊಳ್ಳಿ.

ಗೀರು ಬೀಳದ ಟೋಪಿ

ಭಾವಮೈದನ ಊರು ಕಬ್ಬಾಳಿನ ಪಕ್ಕ. ಕೆಲಸ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ. ಮೊದಲ ಶಿಫ್ಟಿನ ಹೊತ್ತಿಗೆ ಆ ಕಡೆಯಿಂದ ಬಸ್ಸಿಲ್ಲ, ಬೈಕೇ ಗತಿ. ತಲೆ ಮೇಲೆ ತೆಂಗಿನ ಚಿಪ್ಪಿನಂಥ ಒಂದು ಟೋಪಿ ಹೆಲ್ಮೆಟ್ಟು. ಹೆದ್ದಾರಿ ಬದಿ ಮರದ ಕೆಳಗೆ ರಾಶಿ ಹಾಕಿ ಮಾರುತ್ತಾರಲ್ಲ, ಅದೇ. ಅದು ತಲೆ ಉಳಿಸುವುದಕ್ಕಲ್ಲ, ದಂಡ ಉಳಿಸುವುದಕ್ಕೆ.

ಕನಕಪುರ ದಾಟಿದ ಮೇಲೆ ಒಂದು ತಿರುವಿನಲ್ಲಿ ಯಾವುದೋ ಟಿಪ್ಪರ್ ಜಲ್ಲಿ ಚೆಲ್ಲಿಕೊಂಡು ಹೋಗಿತ್ತು. ಬೈಕು ಜಾರಿತು. ಇವನು ಗದ್ದ ಊರಿ ಬಿದ್ದ. ದವಡೆ ಎರಡು ಕಡೆ ಮುರಿಯಿತು. ಆಸ್ಪತ್ರೆಯಲ್ಲಿ ಪ್ಲೇಟು ಇಟ್ಟು ಸ್ಕ್ರೂ ಬಿಗಿದರು, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಕಟ್ಟಿದರು. ಮಾತಿಲ್ಲ, ಅನ್ನವಿಲ್ಲ, ಸ್ಟ್ರಾ ಹಾಕಿ ರಾಗಿ ಅಂಬಲಿ.

ಹೇಳಿಕೆ ತಗೊಳ್ಳಲು ಒಬ್ಬ ಪೊಲೀಸಪ್ಪ ಬಂದ.

"ಹೆಲ್ಮೆಟ್ ಹಾಕಿದ್ನಾ?"

"ಹಾಕಿದ್ದ," ಅಂದೆ. ಮಂಚದ ಕೆಳಗಿದ್ದ ಟೋಪಿ ತೆಗೆದುಕೊಟ್ಟೆ.

ಆತ ಅದನ್ನು ಲೈಟಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಎಂಥಾ ಮಾಲು ನೋಡ್ರಿ! ಒಂದು ಗೀರು ಬಿದ್ದಿಲ್ಲ. ಇಷ್ಟು ಗಟ್ಟಿ ಹೆಲ್ಮೆಟ್ ಇದ್ದೂ ಅದ್ಹೆಂಗ್ರೀ ಪೆಟ್ಟಾಯ್ತು?"

ಮಲಗಿದ್ದ ಭಾವಮೈದ ಕೈಯಲ್ಲಿ ಹಕ್ಕಿ ಹಾರುವಂತೆ ಮಾಡಿ ತೋರಿಸಿದ. ಪೊಲೀಸಪ್ಪನಿಗೆ ಅರ್ಥವಾಗಲಿಲ್ಲ. ಭಾವಮೈದನ ಹೆಂಡತಿ ಬಿಡಿಸಿ ಹೇಳಿದಳು: "ಇವ್ರು ನೆಲಕ್ಕೆ ಬೀಳಕ್ಕೆ ಮುಂಚೇನೇ ಅದು ಆರ್ಕಂಡೋಗಿ ರಾಗಿ ಹೊಲ್ದಾಗೆ ಕುಂತ್ಬುಟ್ಟಿತ್ತು ಸಾ. ಅದುಕ್ಕೆ ಏನೂ ಆಗ್ಲಿಲ್ಲ."

ಮಾರ್ಕು ಬೇಕಾ?

ತಂತಿ ಬಿಚ್ಚಿದ ದಿನ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಇನ್ನೊಂದು ಸಲ ಇದೇ ಜಾಗಕ್ಕೆ ಏಟು ಬಿದ್ದರೆ ಜೋಡಿಸೋಕೆ ಮೂಳೆ ಇರಲ್ಲ, ಜೀವಮಾನವೆಲ್ಲ ಅಂಬಲಿಯೇ ಅಂದರು. ಅತ್ತ ಫ್ಯಾಕ್ಟರಿಯವರು ತಿಂಗಳು ಮುಗಿಯುವುದರೊಳಗೆ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ ಅಂದರು. ಬೈಕು ಹತ್ತದೆ ಕೆಲಸವಿಲ್ಲ. ಗದ್ದ ಮುಚ್ಚುವ ಹೆಲ್ಮೆಟ್ಟಿಲ್ಲದೆ ಬೈಕಿನ ಕೀ ಕೊಡಲ್ಲ ಅಂತ ಅವನ ಹೆಂಡತಿ ಅದನ್ನು ಮಾಂಗಲ್ಯದ ಸರಕ್ಕೇ ಸಿಕ್ಕಿಸಿಕೊಂಡಿದ್ದಳು.

ಪೂರ್ತಿ ಮುಚ್ಚಿದ ಹೆಲ್ಮೆಟ್ಟನ್ನು ತಲೆಗೆ ತುರುಕಿಕೊಳ್ಳಬೇಕು. ನನ್ನದನ್ನು ಹಾಕಿಸಿ ನೋಡಿದೆ. ದವಡೆಗೆ ಒತ್ತಿದ ತಕ್ಷಣ ಅವನ ಕಣ್ಣಲ್ಲಿ ನೀರು ಬಂತು. ಹಾಗಾಗಿ ಉಳಿದಿದ್ದು ಒಂದೇ ದಾರಿ. ಗದ್ದದ ಭಾಗ ಬಾಗಿಲಿನ ಹಾಗೆ ಮೇಲಕ್ಕೆ ಎದ್ದು ನಿಲ್ಲುವ ಹೆಲ್ಮೆಟ್ಟು ಬರುತ್ತದಲ್ಲ, ಅದು. ಬಾಗಿಲು ಎತ್ತಿ ತಲೆ ತೂರಿಸಿ ಆಮೇಲೆ ಮುಚ್ಚಿದರಾಯಿತು.

ಮೊದಲು ಚನ್ನಪಟ್ಟಣದ ಒಂದು ಅಂಗಡಿಗೆ ಹೋದೆವು. ಹಣೆ ತುಂಬ ವಿಭೂತಿ ಇಟ್ಟುಕೊಂಡು ಕೂತಿದ್ದ ಯಜಮಾನರು ಕೆಂಪು, ಕಪ್ಪು, ಹುಲಿ ಪಟ್ಟೆ ಎಲ್ಲ ತೆಗೆದು ಸಾಲಾಗಿ ಇಟ್ಟರು. ಒಂದರ ಬಾಗಿಲು ಎತ್ತಿ ಹಾಕಿದೆ. ಡಬ್ಬದ ಮುಚ್ಚಳದ ಸದ್ದು ಬಂತು. ಹಿಂದೆ ಮುಂದೆ ತಿರುಗಿಸಿ ನೋಡಿದೆ.

"ಯಜಮಾನ್ರೇ, ಇದಕ್ಕೆ ಐಎಸ್‌ಐ ಮಾರ್ಕೇ ಇಲ್ಲವಲ್ಲ?"

ಅವರು ಬೇಜಾರು ಮಾಡಿಕೊಂಡರು. "ಅಯ್ಯೋ ಶಿವನೇ, ಮಾರ್ಕು ಬೇಕು ಅಂತ ಮೊದ್ಲೇ ಹೇಳಬಾರದಾ?" ಅಂತ ಗಲ್ಲಾಪೆಟ್ಟಿಗೆಯ ಡ್ರಾ ಎಳೆದು ಸ್ಟಿಕ್ಕರಿನ ಹಾಳೆ ಹೊರತೆಗೆದರು. "ದೊಡ್ಡದು ಹಾಕ್ಲಾ, ಚಿಕ್ಕದು ಸಾಕಾ?"

ಹೆಂಡತಿಯ ಪರೀಕ್ಷೆ

ರಾಮನಗರಕ್ಕೆ ಹೋದೆವು. ಈ ಸಲ ಭಾವಮೈದನ ಹೆಂಡತಿಯೂ ಹೊರಟಳು. "ನೀವಿಬ್ರೂ ಗಂಡಸ್ರು ಬಣ್ಣ ನೋಡ್ಕಂಡು ಬತ್ತೀರಿ ಕಣಣ್ಣ," ಅಂದಳು.

ಈ ಅಂಗಡಿಯವನು ಒಳ್ಳೆಯವನು, ಕೇಳಿದ್ದಕ್ಕೆಲ್ಲ ಜವಾಬು ಕೊಟ್ಟ. ಕೆನ್ನೆಗೆ ಬಿಗಿಯಾಗಿ ಕೂರಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟು ತಲೆಯ ಜೊತೆಗೇ ಅಲ್ಲಾಡಬೇಕು, ಬೇರೆಯಾಗಿ ಅಲ್ಲ ಅಂದ. ಬಾಗಿಲು ಕಚ್ಚಿಕೊಳ್ಳುವ ಕೊಂಡಿ ಪ್ಲಾಸ್ಟಿಕ್ಕಿನದಾಗಬಾರದು, ಲೋಹದ್ದಾಗಿರಬೇಕು. ಗದ್ದದ ಕೆಳಗಿನ ಕೆಂಪು ಗುಂಡಿ ಒತ್ತಿದರೆ ಮಾತ್ರ ಏಳಬೇಕು, ಸುಮ್ಮನೆ ಎಳೆದರೆ ಏಳಕೂಡದು. ನಾನು ಎಳೆದೆ. ಏಳಲಿಲ್ಲ. ಬಾಗಿಲ ತುದಿ ಹಿಡಿದು ನೇತಾಡುವುದೊಂದು ಬಾಕಿ.

ಭಾವಮೈದ ಕಪ್ಪು ಬಣ್ಣದ್ದೊಂದು ಹಾಕಿಕೊಂಡು ಬಾಗಿಲು ಮುಚ್ಚಿದ. ಅವನ ಹೆಂಡತಿ ಮುಂದೆ ಬಂದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಷ್ಟಿ ಕಟ್ಟಿ ಗದ್ದಕ್ಕೆ ಒಂದು ಗುದ್ದಿದಳು.

"ನೋವಾಯ್ತಾ?"

"ಇಲ್ಲ," ಅಂತ ಒಳಗಿಂದ ಬಂತು.

ಇನ್ನೊಂದು ಗುದ್ದಿದಳು.

"ಈಗ?"

"ಇಲ್ಲ ಕಣೇ."

ಮತ್ತೊಂದು, ಮಗದೊಂದು. ಅಂಗಡಿಯವನು ಹೆದರಿ ಎದ್ದು ಬಂದ. "ಅಮ್ಮಾ, ಟೆಸ್ಟ್ ಆಯ್ತಲ್ಲ, ಸಾಕು ಬಿಡಿ."

"ಟೆಸ್ಟು ಮೊದಲ್ನೇದುಕ್ಕೇ ಆಯ್ತು," ಅಂದಳು, ಕೈ ಒದರಿಕೊಳ್ಳುತ್ತಾ. "ಮಿಕ್ಕಿದ್ದು ಬ್ಯಾಡಾ ಬ್ಯಾಡಾ ಅಂದ್ರೂ ಆ ಟೋಪಿ ತಂದುದ್ದುಕ್ಕೆ."

ಯಂತ್ರ ಕಂಡ ಮುಖ

ತಿಂಗಳು ಮುಗಿಯುವ ಮುಂಚೆಯೇ ಭಾವಮೈದ ಫ್ಯಾಕ್ಟರಿಯ ಗೇಟಿನಲ್ಲಿ ನಿಂತ. ಗಲಾಟೆಯಾದರೆ ಇರಲಿ ಅಂತ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿ ಹಾಜರಿ ಹಾಕುವುದು ಮನುಷ್ಯನಲ್ಲ, ಗೋಡೆಗೆ ಹಾಕಿದ ಒಂದು ಯಂತ್ರ. ಮುಖ ತೋರಿಸಬೇಕು, ಗುರುತು ಸಿಕ್ಕರೆ ಹಸಿರು ದೀಪ. ಇವನು ಹೆಲ್ಮೆಟ್ಟಿನ ಬಾಗಿಲು ಎತ್ತಿ ಮುಖ ತೋರಿಸಿದ. ಕೆಂಪು ದೀಪ. ಹೆಲ್ಮೆಟ್ಟನ್ನೇ ತೆಗೆದು ತೋರಿಸಿದ. ಕೆಂಪು ದೀಪ. ಮುರಿದು ಕೂಡಿದ ದವಡೆ ಒಂದು ಕಡೆಗೆ ವಾಲಿತ್ತು. ಯಂತ್ರದ ಪ್ರಕಾರ ಇವನು ಬೇರೆ ಯಾರೋ.

ಒಳಗಿಂದ ಟೈ ಕಟ್ಟಿಕೊಂಡ ಒಬ್ಬ ಆಫೀಸರ್ ಬಂದ. "ನಿಮ್ಮ ಮುಖ ಸಿಸ್ಟಮ್‌ನಲ್ಲಿ ಇಲ್ಲವಲ್ಲ."

"ಸ್ವಾಮಿ, ಎಂಟು ವರ್ಷದಿಂದ ಇದೇ ಗೇಟಲ್ಲಿ ಬರ್ತಾ ಅವ್ನೆ, ನಿಮ್ಮ ಕಣ್ಣಿಗೆ ಕಾಣಾಕಿಲ್ವಾ?" ಅಂತ ನಾನು ದನಿ ಎತ್ತಿದೆ.

"ನನಗೆ ಕಾಣುತ್ತೆ ಸರ್. ನನಗೆ ಕಂಡು ಏನು ಪ್ರಯೋಜನ?"

ಆ ಮಾತಿನಲ್ಲಿ ಅವನೂ ಒಬ್ಬ ಕೂಲಿಯವನೇ ಅಂತ ಗೊತ್ತಾಯಿತು. ಬೈಯಲು ಬಂದ ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಗೇಟಿನ ವಾಚ್‌ಮನ್ ತಲೆ ಕೆರೆದುಕೊಂಡು ಹೇಳಿದ: "ಕೊರೊನಾದಾಗೆ ಮಾಸ್ಕ್ ಆಕಿದ್ರೂ ಗುರುತು ಇಡೀತಿತ್ತು ಇದು. ಗದ್ದ ಮುಚ್ಕಂಡು ನೋಡಪ್ಪ ಒಸಿ."

ಭಾವಮೈದ ಹೆಲ್ಮೆಟ್ಟು ಹಾಕಿ, ಬಾಗಿಲು ಮುಚ್ಚಿ, ಗಾಜು ಮಾತ್ರ ಎತ್ತಿ ಕಣ್ಣು ಮೂಗು ತೋರಿಸಿದ. ಹಸಿರು ದೀಪ. ಯಂತ್ರ ನಮಸ್ಕಾರವನ್ನೂ ಹೇಳಿತು. ಆ ತಿಂಗಳ ಹಾಜರಿಯೆಲ್ಲ ಹೀಗೇ. ಸಂಬಳ ಇವನಿಗೆ ಬಂತೋ ಹೆಲ್ಮೆಟ್ಟಿಗೆ ಬಂತೋ, ಫ್ಯಾಕ್ಟರಿಯವರೇ ಹೇಳಬೇಕು.

ಮುನೇಶ್ವರನ ತಿರುವು

ಒಂದು ದಿನ ನಾನು ನನ್ನ ಬೈಕಿನಲ್ಲಿ ಅವನ ಹಿಂದೆಯೇ ಬರುತ್ತಿದ್ದೆ. ನೋಡಿದರೆ ಹೆಲ್ಮೆಟ್ಟಿನ ಬಾಗಿಲು ಎದ್ದು ನಿಂತಿದೆ. ಗದ್ದ ಬರಿದು.

"ಮುಚ್ಲಾ!" ಅಂತ ಕೂಗಿದೆ. ಮುಚ್ಚಿದ. ಮುಂದಿನ ತಿರುವಿನಲ್ಲಿ ಮತ್ತೆ ಎತ್ತಿದ. ಅಡ್ಡ ಹಾಕಿ ನಿಲ್ಲಿಸಿದೆ.

"ಏನ್ಲಾ ನಿಂದು? ಸೆಕೆನಾ?"

"ಸೆಕೆ ಅಲ್ಲ ಭಾವ. ದ್ಯಾವ್ರು. ಮಖ ಮುಚ್ಕಂಡು ದ್ಯಾವ್ರ ಮುಂದೆ ಓದ್ರೆ ಒಳ್ಳೇದಾದದಾ?"

ಅವನ ಊರಿಂದ ಹೊರಟರೆ ಕಬ್ಬಾಳಮ್ಮನ ಬೆಟ್ಟ ಕಂಡಾಗ ಒಂದು ಸಲ, ಮಾರಮ್ಮನ ಗುಡಿಗೆ ಒಂದು ಸಲ, ಅರಳಿಮರದ ನಾಗರಕಲ್ಲಿಗೆ ಇನ್ನೊಂದು ಸಲ ಎತ್ತಬೇಕು. ಆಮೇಲೆ ತಿರುವಿಗೊಬ್ಬ ಮುನೇಶ್ವರ. ನಮ್ಮ ಕಡೆ ಒಂದು ಪದ್ಧತಿ ಇದೆ. ಯಾವುದಾದರೂ ತಿರುವಿನಲ್ಲಿ ಜನ ಬಿದ್ದು ಸಾಯತೊಡಗಿದರೆ ರಸ್ತೆ ರಿಪೇರಿ ಮಾಡುವುದಿಲ್ಲ, ಅಲ್ಲೊಂದು ಕಲ್ಲು ನಿಲ್ಲಿಸಿ ಮುನೇಶ್ವರ ಅನ್ನುತ್ತಾರೆ. ಅಂದರೆ ಈ ಮಹಾರಾಯ ಜನ ಬಿದ್ದು ಸತ್ತ ಜಾಗಗಳನ್ನೆಲ್ಲ ಸರಿಯಾಗಿ ಹುಡುಕಿ, ಅಲ್ಲಲ್ಲೇ ಗದ್ದ ತೆರೆದುಕೊಂಡು ಹೋಗುತ್ತಿದ್ದ.

ನನ್ನ ಮಾತು ಕೇಳಲಿಲ್ಲ. ಕೊನೆಗೆ ಅವನ ಹೆಂಡತಿ ನಮ್ಮಿಬ್ಬರನ್ನೂ ಊರ ಗುಡಿಯ ಪೂಜಾರಿಯವರ ಹತ್ತಿರ ಎಳೆದುಕೊಂಡು ಹೋದಳು. ಅವರು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲು ತೆಗೆದು ಹಾಕಿ, ಗಾಜು ತೆಗೆದು ಹಾಕಿ, ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು: "ದ್ಯಾವ್ರಿಗೆ ಕಣ್ಣು ಕಂಡ್ರೆ ಸಾಕು. ಗಾಜು ಎತ್ತು, ಬಾಗ್ಲು ಎತ್ತಬ್ಯಾಡ. ದ್ಯಾವ್ರಿಗೆ ನಿನ್ನ ಗದ್ದ ಕಟ್ಕಂಡು ಏನಾಗ್ಬೇಕು?"

ಭಾವಮೈದ ಒಪ್ಪಿದ. ನನಗೂ ಸಂತೋಷವಾಗಿ ಅವರಿಗೆ ಕೈ ಮುಗಿದೆ. ಅವರು ಎದ್ದು ಸ್ಕೂಟರ್ ಹತ್ತಿ, ಬರಿ ತಲೆಯಲ್ಲಿ ಹೊರಟರು.

"ಪೂಜಾರಪ್ನೋರೇ, ನಿಮ್ಮ ಹೆಲ್ಮೆಟ್ಟು?" ಅಂದೆ.

"ನಂಗ್ಯಾಕಪ್ಪ?" ಅಂದರು, ಹಿಂದೆ ತಿರುಗಿ ನೋಡುತ್ತಾ, ಗಾಡಿ ಓಡಿಸುತ್ತಾ. "ನಾನು ದಿನಾ ಸಿಕ್ತೀನಲ್ಲ ದ್ಯಾವ್ರಿಗೆ!"

ಕಿತ್ತು ಬಂದ ಮುಖ

ಮಳೆಗಾಲ ಮುಗಿದ ಮೇಲೆ ಹಾರೋಹಳ್ಳಿ ರಸ್ತೆಯ ಒಂದು ಊರಿನ ಮುಂದೆ ರಸ್ತೆಗೆ ಅಡ್ಡಲಾಗಿ ಹೊಸದಾಗಿ ಹಂಪು ಎದ್ದಿತು. ಆಳೆತ್ತರ ಅಂದರೆ ಸುಳ್ಳಾಗುತ್ತದೆ, ಮೊಣಕಾಲೆತ್ತರ ಇರಬಹುದು. ಬಿಳಿ ಬಣ್ಣವಿಲ್ಲ, ಬೋರ್ಡಿಲ್ಲ. ಹಿಂದಿನ ದಿನ ಇರಲಿಲ್ಲ, ಮಾರನೇ ದಿನ ಇತ್ತು. ಭಾವಮೈದ ಶಿಫ್ಟಿಗೆ ಹೋಗುವಾಗ ಅದರ ಮೇಲೆ ಹತ್ತಿ, ಗಾಳಿಯಲ್ಲಿ ತೇಲಿ, ಮತ್ತೆ ಗದ್ದ ಊರಿ ಬಿದ್ದ.

ಬಾಗಿಲು ಮುಚ್ಚಿತ್ತು. ಕೊಂಡಿ ಬಿಡಲಿಲ್ಲ. ಗದ್ದದ ಕಡೆ ಬಣ್ಣವೆಲ್ಲ ಕೆತ್ತಿ ಹೋಗಿ ಬಿಳಿ ಕಾಣಿಸಿತು, ಒಂದು ಸೀಳೂ ಬಿತ್ತು, ಒಳಗಿದ್ದ ದವಡೆಗೆ ಏನೂ ಆಗಲಿಲ್ಲ. ಅಷ್ಟಕ್ಕೆ ಕಥೆ ಮುಗಿಯಬೇಕಿತ್ತು. ಆದರೆ ಜನ ಸೇರಿದರು.

ಬಿದ್ದವನ ಹೆಲ್ಮೆಟ್ಟು ಮೊದಲು ಕೀಳಬೇಕು ಅಂತ ನಮ್ಮಲ್ಲಿ ಯಾರು ಕಲಿಸಿದರೋ. ಹಾಗೆ ಕೀಳಬಾರದು, ಕತ್ತು ಮುರಿಯುತ್ತದೆ. ಒಬ್ಬ ಹೆಲ್ಮೆಟ್ಟು ಹಿಡಿದ, ಇಬ್ಬರು ಕಾಲು ಹಿಡಿದರು, ಇನ್ನಿಬ್ಬರು ಕೈ ಹಿಡಿದರು.

"ಎಳೀಲಾ!"

"ಬತ್ತಾ ಇಲ್ಲ ಕಣ್ಲಾ! ಒಳಗೇ ಅಂಟ್ಕಬುಟ್ಟದೆ!"

"ನೀರು ಉಯ್ಯಿ, ಜಾರ್ತದೆ!"

ಗಾಜಿನ ಸಂದಿಯಿಂದ ಒಂದು ಬಾಟಲಿ ನೀರು ಹೊಯ್ದರು. ಬಿದ್ದಾಗ ಉಳಿದವನು ಅಲ್ಲಿ ಮುಳುಗಿ ಸಾಯುವುದರಲ್ಲಿದ್ದ. ಅವನ ಬಾಯಿ ಇನ್ನೂ ಪೂರ್ತಿ ತೆರೆಯುತ್ತಿರಲಿಲ್ಲ, ಕೂಗಿದರೆ ಬರಿ ಗೊರಗೊರ ಸದ್ದು. "ಜೀವ ಓಯ್ತಾ ಅದೆ, ವೆಲ್ಡಿಂಗ್ ಅಂಗ್ಡಿಯಿಂದ ಕಟ್ಟರ್ ತತ್ತಾ!" ಅಂತ ಯಾರೋ ಓಡಿದರು. ಆ ಮಾತು ಕಿವಿಗೆ ಬಿದ್ದದ್ದೇ ಭಾವಮೈದ ಒದ್ದಾಡಿ ಒಂದು ಕೈ ಬಿಡಿಸಿಕೊಂಡು ಗುಂಡಿ ಒತ್ತಿದ. ಕಟಕ್ ಅಂತ ಸದ್ದಾಗಿ ಮುಖದ ಅರ್ಧ ಭಾಗ ಮೇಲಕ್ಕೆದ್ದಿತು.

ಮುಂದೆ ಬಗ್ಗಿ ನೋಡುತ್ತಿದ್ದ ಅಜ್ಜಿಯೊಬ್ಬಳು, "ಅಯ್ಯೋ ನಮ್ಮಪ್ಪ, ಮಖ ಕಿತ್ಕಂಡು ಬಂದ್ಬುಡ್ತು!" ಅಂತ ಕಿರುಚಿ ಅಲ್ಲೇ ಬಿದ್ದಳು. ಇವನಿಗೆ ಅಂತ ಕರೆಸಿದ್ದ ಆಂಬುಲೆನ್ಸು ಅಜ್ಜಿಯನ್ನು ಮಲಗಿಸಿಕೊಂಡು ಹೋಯಿತು. ಅವಳು ಸಂಜೆಗೆ ಸರಿಹೋದಳು. ಇವನು ಬೈಕು ಎತ್ತಿಕೊಂಡು ಶಿಫ್ಟಿಗೆ ಹೋದ.

ಇಲ್ಲದ ಹಂಪು

ಮಾರನೇ ದಿನ ಭಾವಮೈದನನ್ನೂ ಹೆಲ್ಮೆಟ್ಟನ್ನೂ ಕರೆದುಕೊಂಡು ಆ ರಸ್ತೆಯ ಇಂಜಿನಿಯರ್ ಕಚೇರಿಗೆ ಹೋದೆ. ಹೊರಗೆ ಕಾಯಿ ಅಂದರು, ಕಾಯಲಿಲ್ಲ. ನೇರ ಒಳಗೆ ನುಗ್ಗಿ ಸೀಳಿದ ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಟ್ಟಿದೆ.

"ಸ್ವಾಮಿ, ಆ ಹಂಪಿಗೆ ಒಂದು ಡಬ್ಬ ಬಿಳಿ ಬಣ್ಣ ಬಳಿಯೋಕೆ ನಿಮಗೆ ಇನ್ನೆಷ್ಟು ಜನ ಬೀಳಬೇಕು?"

ಇಂಜಿನಿಯರ್ ಸಾಹೇಬರು ಗಾಬರಿಯಾಗಲಿಲ್ಲ. ತಣ್ಣಗೆ ಹೇಳಿದರು: "ಆ ಹಂಪು ನಮ್ಮದಲ್ಲ. ಊರಿನವರೇ ಹಾಕಿಕೊಂಡಿರೋದು. ನಮ್ಮ ಇಲಾಖೆ ಪ್ರಕಾರ ಅಲ್ಲಿ ಹಂಪೇ ಇಲ್ಲ. ಇಲ್ಲದ ಹಂಪಿಗೆ ಬಣ್ಣ ಹೇಗೆ ಬಳಿಯೋದು?"

"ಇಲ್ಲ ಅಂದ್ರೆ ಕೀಳಿಸಿ."

"ಇಲ್ಲದ್ದನ್ನ ಕೀಳೋದು ಹೇಗೆ?"

"ಹಾಗಾದರೆ ಇವನು ಯಾವುದರ ಮೇಲೆ ಬಿದ್ದ?"

ಸಾಹೇಬರು ಹೆಲ್ಮೆಟ್ಟನ್ನು ಕೈಗೆತ್ತಿಕೊಂಡರು. ಸೀಳಿನ ಮೇಲೆ ಬೆರಳಾಡಿಸಿದರು. ಗುಂಡಿ ಒತ್ತಿ ಬಾಗಿಲು ಎತ್ತಿದರು, ಮುಚ್ಚಿದರು, ಮತ್ತೆ ಎತ್ತಿದರು. ಮುಖ ಅರಳಿತು. ಈಗ ಮನಸ್ಸು ಕರಗಿತು, ಬಣ್ಣಕ್ಕೆ ಆರ್ಡರ್ ಮಾಡುತ್ತಾರೆ ಅಂದುಕೊಂಡೆ.

"ಭಾರಿ ಚೆನ್ನಾಗಿದೆ ಕಣ್ರೀ," ಅಂದರು. "ಎಲ್ಲಿ ತಗೊಂಡ್ರಿ? ನಾನೂ ಒಂದು ನೋಡ್ತಾ ಇದ್ದೆ. ಒಂದೊಂದು ದಿನ ಬೈಕಲ್ಲೇ ಓಡಾಡಬೇಕಾಗುತ್ತೆ. ಆ ಹಾರೋಹಳ್ಳಿ ರೋಡಿದೆಯಲ್ಲ, ಬಹಳ ಡೇಂಜರ್ ರೋಡು."

ಭಾವಮೈದ ಮುಂದೆ ಬಾಗಿ, ಸೊಟ್ಟ ದವಡೆಯಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದ:

"ಎಲ್ಡು ತಗಳಿ ಸಾ. ಒಂದ್ಸಲ ಬಿದ್ಮೇಲೆ ಅದು ಕೆಲ್ಸಕ್ಕೆ ಬರಾಕಿಲ್ಲ. ವಾಪಸ್ ಬರಕ್ಕೆ ಇನ್ನೊಂದು ಬೇಕಾಯ್ತದೆ."