ತಂಬಿಗೆಯ ಮೇಲಿನ ಎಂಟು ಪದ

ಕ್ರಿಪ್ಟೊ ನಾಣ್ಯದ ನೋಡ್ ತಂತ್ರಾಂಶಕ್ಕೆ ವರ್ಷಕ್ಕೆ ಒಂದೆರಡು ಸಲ ಹೊಸ ಆವೃತ್ತಿ ಬರುತ್ತದೆ. ಪ್ರತಿ ಸಲವೂ ಅದರಲ್ಲಿ ಏನೇನು ಬದಲಾಯಿತು ಎಂಬ ಪಟ್ಟಿ ಜೊತೆಗಿರುತ್ತದೆ. ಅದರಿಂದ ಮನೆಯಲ್ಲಿ ಏನೇನಾಯಿತು ಎಂಬುದನ್ನು ಮಾತ್ರ ಯಾರೂ ಪಟ್ಟಿ ಮಾಡುವುದಿಲ್ಲ. ಆ ಕೊರತೆ ತುಂಬಲು ಇದನ್ನು ಬರೆಯುತ್ತಿದ್ದೇನೆ.

ಪಟ್ಟಿಯಲ್ಲಿ ಒಂದು ಸಾಲು

ಚಿತ್ರದುರ್ಗದ ನಮ್ಮ ಮನೆಯಲ್ಲಿ ಟಿ.ವಿ. ಪಕ್ಕ ಒಂದು ಸಣ್ಣ ಕಂಪ್ಯೂಟರ್ ಬಿಡುವಿಲ್ಲದೆ ಓಡುತ್ತಿರುತ್ತದೆ. ಅದೇ ನೋಡ್. ಜಗತ್ತಿನಲ್ಲಿ ಯಾರು ಯಾರಿಗೆ ಆ ನಾಣ್ಯ ಕಳಿಸಿದರೂ ಅದರ ಒಂದು ಪ್ರತಿ ಇದಕ್ಕೆ ಬರುತ್ತದೆ. ಇದು ಯಾರ ಮಾತನ್ನೂ ನಂಬದೆ, ಸರಿಯಿದೆಯೇ ಎಂದು ತಾನೇ ಪರೀಕ್ಷಿಸುತ್ತದೆ. ಸಂಬಳವಿಲ್ಲ. ತಂತ್ರಾಂಶ ಯಾರ ಸ್ವತ್ತೂ ಅಲ್ಲ. ಬಲ್ಲವರು ಯಾರು ಬೇಕಾದರೂ ತಿದ್ದಬಹುದು. ನಾನು ಅಷ್ಟು ಬಲ್ಲವನಲ್ಲ. ಅದರ ಸೂಚನೆಗಳನ್ನು ಕನ್ನಡಕ್ಕೆ ತಂದವನು. ಆ ಕೆಲಸ ಮೆಚ್ಚಿ, ನಾನು ಮುಖ ನೋಡದ ಯಾರೋ ಒಬ್ಬರು ಆ ನಾಣ್ಯದ ಒಂದು ಚೂರು ಕಳಿಸಿದ್ದರು. ಇಷ್ಟು ವರ್ಷ ಅಂಕಣ ಬರೆದವನಿಗೆ ಯಾರಿಗೂ ನೆನಪಿಸದೆ ತಾನಾಗಿ ಬಂದ ಸಂಭಾವನೆ ಅದೊಂದೇ. ಅದನ್ನು ಖರ್ಚು ಮಾಡಲು ಮನಸ್ಸಾಗದೆ, ಎಂಟು ಪದಗಳ ಪಾಸ್‌ವರ್ಡ್ ಹಾಕಿ ಇದೇ ಕಂಪ್ಯೂಟರಿನಲ್ಲಿ ಹಣದ ಚೀಲದಂತಿರುವ ವಾಲೆಟ್‌ನಲ್ಲಿ ಇಟ್ಟಿದ್ದೆ.

ಈ ಸಲದ ಪಟ್ಟಿಯಲ್ಲಿ ಒಂದು ಸಾಲಿತ್ತು: ಹಳೆಯ ಮಾದರಿಯ ವಾಲೆಟ್‌ಗಳು ಇನ್ನು ಮುಂದೆ ತೆರೆಯುವುದಿಲ್ಲ, ಹೊಸ ಮಾದರಿಗೆ ಬದಲಾಯಿಸಿಕೊಳ್ಳಿ, ಪಾಸ್‌ವರ್ಡ್ ಕೈಯಲ್ಲಿರಲಿ. ಆ ಸಾಲನ್ನು ಕನ್ನಡಕ್ಕೆ ತಂದವನು ನಾನೇ. ಮೂರು ಸಲ ತಿದ್ದಿ ಚೆಂದ ಮಾಡಿದ್ದೆ. ಹೊಸ ಆವೃತ್ತಿ ಹಾಕಿದಾಗ ಅದೇ ವಾಕ್ಯ ಪರದೆಯ ಮೇಲೆ ಬಂತು. ಅದರ ಅರ್ಥ ನನಗಾದದ್ದು ಆಗಲೇ. ಎಂಟು ಪದಗಳಲ್ಲಿ ನನಗೆ ನೆನಪಿದ್ದದ್ದು ಎರಡು.

ಹೆಂಡತಿ ಬಂದು ನೋಡಿದಳು.

"ಹಳೇದು ತೆಗೀತಿತ್ತು, ಹೊಸದು ತೆಗೆಯಲ್ಲ ಅಂತೀರಿ. ಯಾವುದ್ರಾಗೆ ಚೆನ್ನಾಗೈತೆ ಇದು?"

"ಭದ್ರತೆಯಲ್ಲಿ" ಎಂದೆ.

"ಅದು ನಿಜ ಬಿಡ್ರಿ. ನಿಮಗೂ ಸಿಗದಷ್ಟು ಭದ್ರ ಆತು."

ಬೆಂಕಿ, ನೀರಿಗೆ ಹೆದರದ್ದು

ಹಳೆಯ ಆವೃತ್ತಿಗೆ ಮರಳಬಹುದಿತ್ತು. ಆದರೆ ವಾಲೆಟ್‌ನಿಂದ ಏನನ್ನು ತೆಗೆಯುವುದಕ್ಕೂ ಅಲ್ಲಿಯೂ ಅದೇ ಎಂಟು ಪದ ಬೇಕು.

ಅವನ್ನು ನಾನು ಬರೆದಿಡಲಿಲ್ಲವೆಂದಲ್ಲ. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆಯಬೇಡಿ, ಬೆಂಕಿ ನೀರಿಗೆ ಹೆದರದ ಲೋಹದ ಮೇಲೆ ಕೆತ್ತಿಸಿ ಎನ್ನುತ್ತಾರೆ ತಿಳಿದವರು. ಹೊರದೇಶಗಳಲ್ಲಿ ಅದಕ್ಕೆಂದೇ ಲೋಹದ ಹಲಗೆಗಳು ಸಿಗುತ್ತವಂತೆ. ನಮ್ಮಲ್ಲಿ ಪಾತ್ರೆ ಅಂಗಡಿ ಇದೆ. ಒಂದು ಸ್ಟೀಲ್ ತಂಬಿಗೆ ಕೊಂಡು, ಅಲ್ಲೇ ಹೆಸರು ಕೊರೆಯುವವನ ಕೈಗೆ ಚೀಟಿ ಕೊಟ್ಟಿದ್ದೆ. ಈಗ ಪಾಸ್‌ವರ್ಡ್ ಬದಲಾಯಿಸಿರುವುದರಿಂದ ಹೇಳಲು ಅಡ್ಡಿಯಿಲ್ಲ.

"ಗಾಳಿ, ಹುಣಸೆ, ಬೀಗ, ಆಡು..." ಎಂದು ಓದಿ ನನ್ನ ಮುಖ ನೋಡಿದ. "ಸಾರ್, ಬ್ಯಾರೆ ಚೀಟಿ ಕೊಟ್ರೇನೋ?"

"ಅದೇ. ಇದ್ದ ಹಾಗೆ ಹಾಕಪ್ಪ."

"ಕಂಬಳಿ, ರೈಲು, ಮೆಣಸು, ಕಿಟಕಿ... ಇದ್ರಾಗೆ ಯಜಮಾನ್ರ ಹೆಸರು ಯಾವುದು ಸಾರ್?"

"ಯಾವುದೂ ಅಲ್ಲ."

ತಂಬಿಗೆಯ ಕುತ್ತಿಗೆಯ ಸುತ್ತ ಎಂಟೂ ಪದ ಕೊರೆದ. ಕೊನೆಗೆ ತಡೆಯಲಾರದೆ, "ಹೆಸರು ಇಲ್ದಿರೋ ಪಾತ್ರೆ ಮನೇಲಿ ನಿಲ್ಲಲ್ಲ ಸಾರ್. ನಿಮ್ ಹೆಸರೂ ಹಾಕ್ಲಾ? ಅದಕ್ಕೆ ದುಡ್ಡು ಬ್ಯಾಡ" ಎಂದ.

ಹೆಸರಿದ್ದರೆ ಪಾಸ್‌ವರ್ಡ್ ಯಾರದೆಂದು ಕಳ್ಳನಿಗೆ ತಿಳಿಯುತ್ತದೆ ಎಂದು ಯೋಚಿಸಿ ಬೇಡವೆಂದೆ. ಚೀಟಿಯನ್ನೂ ಅಲ್ಲೇ ಹರಿದು ಹಾಕಿದೆ. ಅಂದು ಆ ಅಂಗಡಿಯಲ್ಲಿ ಭದ್ರತೆಯ ಬಗ್ಗೆ ಸರಿಯಾಗಿ ಯೋಚಿಸಿದವನು ಆ ಹೆಸರು ಕೊರೆಯುವವನೊಬ್ಬನೇ.

ಹಿರಿಯೂರಿಗೆ ಹೋದದ್ದು

"ಆ ತಂಬಿಗೆಯಾ?" ಎಂದಳು ಹೆಂಡತಿ. "ನಮ್ ತಮ್ಮನ ಗೃಹಪ್ರವೇಶಕ್ಕೆ ಕೊಟ್ನಲ್ಲ."

"ಯಾಕೆ ಕೊಟ್ಟೆ?"

"ನಮ್ ಹೆಸರು ಇರ್ಲಿಲ್ಲ. ಯಾರೋ ನಮಗೆ ಕೊಟ್ಟಿದ್ದು ಅನ್ಕಂಡೆ."

"ಅದರಲ್ಲಿ ನನ್ನ ಪಾಸ್‌ವರ್ಡ್ ಇತ್ತು."

"ಒಳಗೆ ಕೈ ಹಾಕಿ ನೋಡೇ ಕೊಟ್ಟಿದ್ದು ನಾನು. ಏನೂ ಇರ್ಲಿಲ್ಲ."

ಹಿರಿಯೂರಿಗೆ ಹೋದೆ. ಭಾವಮೈದುನನ ಹೆಂಡತಿ ತಂಬಿಗೆಯ ಮಾತೆತ್ತಿದ ಕೂಡಲೇ ಕುಗ್ಗಿದಳು.

"ತಪ್ಪು ತಿಳ್ಕಬ್ಯಾಡ್ರಿ ಅಣ್ಣಾ. ನೀವು ಕೊಟ್ಟಿದ್ದು ಚೆನ್ನಾಗೇ ಇತ್ತು. ಹೊಸದುರ್ಗದ ಮೇಷ್ಟ್ರ ಮಗಳ ಮದುವೆಗೆ ಅರ್ಜೆಂಟಾಗಿ ಏನಾದ್ರೂ ಒಯ್ಬೇಕಾಗಿತ್ತು."

ಬೇಸರವಿಲ್ಲವೆಂದು ಎಷ್ಟು ಹೇಳಿದರೂ ಕೇಳದೆ ಒಳಗೆ ಹೋಗಿ, ಬದಲಿಗೆ ಇನ್ನೊಂದು ತಂಬಿಗೆ ತಂದು ಕೈಗಿಟ್ಟಳು. ಅದರ ಮೇಲೆ ಭರಮಸಾಗರದ ಯಾರದೋ ಹೆಸರಿತ್ತು. ಅವರು ಅದನ್ನು ಎಲ್ಲಿ ಹುಡುಕುತ್ತಿದ್ದಾರೋ ಎನ್ನಿಸಿ ಅಲ್ಲೇ ಬಿಟ್ಟು ಬಂದೆ.

ಮೇಷ್ಟ್ರ ಪ್ರಶ್ನೆಗಳು

ಹೊಸದುರ್ಗದ ಮೇಷ್ಟ್ರು ನಿವೃತ್ತರಾಗಿದ್ದಾರೆ. ಪಾಠ ಮಾಡುವುದರಿಂದ ಮಾತ್ರ, ಪ್ರಶ್ನೆ ಕೇಳುವುದರಿಂದ ಅಲ್ಲ. ಚಹಾ ಕೊಟ್ಟು, ನೋಡ್ ಎಂದರೇನು ಎಂದು ಮೊದಲಿನಿಂದ ಹೇಳಿಸಿದರು.

"ಅಂದ್ರೆ ಲೋಕದೋರ ವ್ಯವಹಾರ ಎಲ್ಲಾ ನಿಮ್ಮನೇಲಿ ಐತೆ?"

"ಇದೆ ಮೇಷ್ಟ್ರೇ."

"ನಿಮ್ಮನೇದು ಕೆಟ್ಟುಹೋದ್ರೆ?"

"ಏನೂ ಆಗುವುದಿಲ್ಲ. ಅದೇ ಪ್ರತಿ ಬೇರೆ ಎಷ್ಟೋ ದೇಶಗಳ ಮನೆಗಳಲ್ಲಿದೆ."

"ಭಾಳ ಚೆನ್ನಾಗೈತೆ. ನಿಮ್ಮ ಎಂಟು ಪದ ಎಷ್ಟು ಕಡೆ ಐತಪ್ಪ?"

"ಒಂದೇ ಕಡೆ."

"ಎಲ್ಲಿ?"

"ನಿಮ್ಮ ಮನೆಯಲ್ಲಿದೆ ಎಂದುಕೊಂಡು ಬಂದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನಮ್ಮನೇಲಿ ಇಲ್ಲ" ಎಂದರು.

ಮಗಳು ಗಂಡನ ಮನೆಗೆ ಹೊರಟಾಗ ಪಾತ್ರೆಗಳ ಜೊತೆ ಅದೂ ಹೋಗಿತ್ತು. ಹೊಳಲ್ಕೆರೆ ತಾಲ್ಲೂಕು, ರಾಮಗಿರಿ.

ರಾಮಗಿರಿಯ ಅಜ್ಜಿ

ಮೇಷ್ಟ್ರ ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಅಳಿಯನ ತಾಯಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಪಕ್ಕದಲ್ಲಿ ನನ್ನ ತಂಬಿಗೆ.

"ಬರ್ರಿ, ಕುಂತ್ಕಳ್ರಿ" ಎಂದರು. ನಾನು ವಿಷಯ ಹೇಳುತ್ತಿದ್ದಂತೆ ತಂಬಿಗೆಯನ್ನು ಮಡಿಲಿಗೆ ಎಳೆದುಕೊಂಡು ಅದರ ಮೇಲೆ ಸೆರಗು ಮುಚ್ಚಿದರು.

"ನಿಮ್ದು ಅನ್ನಾಕೆ ಏನೈತೆ ಗುರ್ತು?"

"ಕುತ್ತಿಗೆಯ ಮೇಲೆ ಎಂಟು ಪದ ಬರೆಸಿದ್ದೇನೆ."

"ಹೇಳ್ರಿ ನೋಡಾಣ."

"ಹುಣಸೆ... ಕಂಬಳಿ..."

"ಎಲ್ಡಾತು."

"ಉಳಿದದ್ದು ಮರೆತಿದೆ ಅಜ್ಜಿ. ಅದಕ್ಕೇ ತಂಬಿಗೆ ಹುಡುಕಿಕೊಂಡು ಬಂದೆ."

"ಎಂಟೂ ಹೇಳಿ ತಗಂಡ್ ಹೋಗ್ರಿ."

"ಎಂಟೂ ಗೊತ್ತಿದ್ದರೆ ತಂಬಿಗೆ ಯಾಕೆ ಬೇಕಿತ್ತು?"

"ಗೊತ್ತಿಲ್ಲ ಅಂದ್ರೆ ನಿಮ್ದು ಹೆಂಗಾಗ್ತೈತೆ?"

"ಒಂದು ಸಲ ತೋರಿಸಿ ಸಾಕು."

"ತೋರ್ಸಿದ್ರೆ ಓದಿ ಹೇಳ್ತೀರಿ. ಅದು ಯಾರಿಗೆ ಬರಲ್ಲ?"

ನನ್ನ ನೋಡ್ ಕೂಡ ಹೀಗೇ ಪರೀಕ್ಷಿಸುತ್ತದೆ. ಅದನ್ನು ಹೊಗಳಿ ನಾನು ಒಂದು ಅಂಕಣವನ್ನೇ ಬರೆದಿದ್ದೆ.

ಇದಕ್ಕಿಂತ ದೊಡ್ಡ ತಾಮ್ರದ ತಂಬಿಗೆ ತಂದುಕೊಡುತ್ತೇನೆ ಎಂದೆ. ಅಜ್ಜಿ ತಲೆಯಾಡಿಸಿದರು.

"ಬರೀ ತಂಬಿಗೆ ತಗಂಡು ಏನ್ ಮಾಡ್ಲಪ್ಪ? ಇದ್ರಾಗೆ ಮಂತ್ರ ಐತೆ. ದಿನಾ ಬೆಳಿಗ್ಗೆ ಬಿಸಿನೀರು ಮಂಡಿಗೆ ಹುಯ್ಕಂತ ಎಂಟೂ ಹೇಳ್ತೀನಿ. ನೋವು ಅರ್ಧ ಇಳ್ದೈತೆ."

"ಮಂತ್ರ ಅಂತ ಯಾರು ಹೇಳಿದರು?"

"ಓದಿದೆ. ಅರ್ಥ ಆಗ್ಲಿಲ್ಲ. ಅದಕ್ಕೇ ಗೊತ್ತಾತು."

ನಾನು ಸೋತು ಕಂಬಕ್ಕೆ ಒರಗಿದೆ. ನಾಣ್ಯ ಹೋದರೆ ಹೋಗಲಿ, ಬರೆದದ್ದನ್ನು ಮೆಚ್ಚಿ ಯಾರೋ ತಾವಾಗಿ ಕೊಟ್ಟದ್ದು ಅದೊಂದೇ ಎಂದು, ಯಾರಿಗೂ ಹೇಳದಿದ್ದದ್ದನ್ನು ಅವರಿಗೆ ಹೇಳಿದೆ. ಅಜ್ಜಿ ನನ್ನ ಕಾಲಿನ ಕಡೆ ನೋಡಿದರು.

"ನಿಮಗೂ ಮಂಡಿ ನೋವೈತಾ?"

"ಇದೆ" ಎಂದೆ. ಸುಳ್ಳಲ್ಲ. ಮೂರು ತಾಲ್ಲೂಕು ಬಸ್ಸಿನಲ್ಲಿ ನಿಂತು ಬಂದಿದ್ದೆ.

"ಹಂಗಾದ್ರೆ ಪ್ಯಾಂಟು ಮ್ಯಾಕೆತ್ತಿ ಕಾಲು ಚಾಚ್ರಿ. ನೋವಿರೋರಿಗೆ ಹೇಳಬೌದು."

ಒಳಗಿಂದ ಬಿಸಿನೀರು ತಂದರು. ರಾಮಗಿರಿಯ ಬೀದಿಯಲ್ಲಿ ಹೋಗಿಬರುವವರ ಎದುರು, ಅಜ್ಜಿ ನನ್ನ ಎರಡೂ ಮಂಡಿಗೆ ನೀರು ಹೊಯ್ಯುತ್ತ, ಕಣ್ಣು ಮುಚ್ಚಿ ನನ್ನ ಪಾಸ್‌ವರ್ಡನ್ನು ಗಟ್ಟಿಯಾಗಿ ಹೇಳಿದರು. ನಾನು ಅಂಗೈ ಮೇಲೆ ಬರೆದುಕೊಂಡೆ. ಒಂದು ಪದವೂ ಹಿಂದುಮುಂದಾಗಿರಲಿಲ್ಲ. ಊರಿಗೆ ಬಂದು ಎಂಟೂ ಪದ ಟೈಪ್ ಮಾಡಿದೆ, ವಾಲೆಟ್ ತೆರೆಯಿತು. ಮಂಡಿಯೂ ಸ್ವಲ್ಪ ಹಗುರಾಗಿತ್ತು. ಹೊಸ ಆವೃತ್ತಿಯ ಪಟ್ಟಿಯಲ್ಲಿ ಅದರ ಪ್ರಸ್ತಾಪವಿಲ್ಲ.

ತಂಬಿಗೆ ಅಲ್ಲೇ ಇದೆ. ಹೊರಡುವಾಗ ಫೋನ್ ನಂಬರ್ ಕೊಟ್ಟು ಬಂದಿದ್ದೆ. ಕೆಲವು ದಿನ ಬಿಟ್ಟು ಅಜ್ಜಿ ಫೋನ್ ಮಾಡಿದರು.

"ನಮ್ ಪಕ್ಕದ ಮನೆಯಾಕೆಗೆ ಸೊಂಟ ಹಿಡ್ಕಂಡೈತೆ. ಮಂಡಿ ಮಂತ್ರ ಹೇಳ್ದೆ, ಹತ್ಲಿಲ್ಲ. ಸೊಂಟಕ್ಕೆ ಏನಾದ್ರೂ ಐತೇನ್ರಿ?"

ಹೊಸ ಆವೃತ್ತಿ ಬರಲು ಇನ್ನೂ ಆರು ತಿಂಗಳಿದೆ ಎಂದುಬಿಟ್ಟೆ.

"ಆಗ್ಲಿ, ಕಾಯ್ತೀವಿ" ಎಂದರು ಅಜ್ಜಿ. "ಹೊಸದು ಬಂತು ಅಂತ ಮಂಡಿದು ತೆಗೆದು ಬಿಡಬ್ಯಾಡ್ರಿ ಮತ್ತೆ."